ಬಿಸಿಯಾದ ಮೇಲೆ ಆಯಿಲ್ ಪ್ರೆಶರ್ 8ಕ್ಕೆ ಇಳಿಯುತ್ತದೆ, ಹಳೇ ಪೆಟ್ರೋಲ್ ಜೀಪಿಗೆ ಇದು ಸರೀನಾ?

ತೋಟದ ಜೀಪ್
ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಿಗೆರೆ ಕಡೆಯ ತೋಟ. ಅಪ್ಪನ ಕಾಲದ ಮಹೀಂದ್ರ ಸಿಜೆ 3ಬಿ ಇದೆ, ಒರಿಜಿನಲ್ ಹರಿಕೇನ್ ಪೆಟ್ರೋಲ್ ಇಂಜಿನ್. ಸುತ್ತಮುತ್ತ ಎಲ್ಲರೂ ಡೀಸೆಲ್ ಇಂಜಿನ್ ಹಾಕಿಸಿಕೊಂಡರು, ನಾವು ಹಾಗೇ ಇಟ್ಟುಕೊಂಡಿದ್ದೇವೆ.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಗೇಜ್ 40 ತೋರಿಸುತ್ತದೆ. ಕೊಟ್ಟಿಗೆಹಾರದವರೆಗೆ ಹೋಗಿ ಬಂದು ಅಂಗಳದಲ್ಲಿ ನಿಲ್ಲಿಸಿ, ಸ್ಲೋನಲ್ಲಿ (ಐಡಲ್, ಅಂದರೆ ಆಕ್ಸಿಲರೇಟರ್ ಒತ್ತದೆ) ಬಿಟ್ಟರೆ 8ಕ್ಕೆ ಬಂದು ಕೂರುತ್ತದೆ. ಓಡಿಸುವಾಗ 25ರ ಆಸುಪಾಸು. ನಾಲ್ಕೈದು ವರ್ಷದ ಹಿಂದೆ ಬಿಸಿಯಲ್ಲಿ ಇಷ್ಟು ಕಡಿಮೆ ಇರಲಿಲ್ಲ ಅಂತ ನೆನಪು. ಇಂಜಿನ್‌ನಲ್ಲಿ ಬಡಿತದ ಸದ್ದು ಇಲ್ಲ, ಹೊಗೆ ಇಲ್ಲ.

ಒಬ್ಬ ಮೇಸ್ತ್ರಿ ನೋಡಿ 'ಬೇರಿಂಗ್ ಹೊಡೆದಿದೆ, ಫುಲ್ ಇಂಜಿನ್ ಕೆಲಸ ಮಾಡಿಸಿ' ಅಂದರು. ಇನ್ನೊಬ್ಬರು 'ದಪ್ಪ ಆಯಿಲ್ ಹಾಕಿ, ಸರಿಹೋಗುತ್ತದೆ' ಅಂದರು. ಮೂರನೆಯವರು ಪಂಪಿನ ಸ್ಪ್ರಿಂಗ್ ಟೈಟ್ ಮಾಡಿಕೊಡುತ್ತೇನೆ ಅಂತಿದ್ದಾರೆ. ಯಾರ ಮಾತು ಕೇಳುವುದು? ಈ ಇಂಜಿನ್‌ಗೆ ನಾರ್ಮಲ್ ಅಂದರೆ ಎಷ್ಟು?

ಡೀಸೆಲ್ ಪ್ರೇಮಿ
8 ಅಂದರೆ ಇಂಜಿನ್ ಕಥೆ ಮುಗೀತು ಅಂತ ಅರ್ಥ. ನನ್ನ ಗಾಡಿಯಲ್ಲಿ ಯಾವತ್ತೂ 40ಕ್ಕಿಂತ ಕೆಳಗೆ ಬಂದಿಲ್ಲ. ಓಡಿಸಬೇಡಿ, ಶೆಡ್‌ಗೆ ಹಾಕಿ.

ಗ್ರೀಸ್ ಕೈ
ಸ್ವಲ್ಪ ತಡೆಯಿರಿ. ನಿಮ್ಮ ಡೀಸೆಲ್ ಬೇರೆ ಇಂಜಿನ್, ಅದರ ಲೆಕ್ಕ ಬೇರೆ. ಅದನ್ನ ತಂದು ಇದಕ್ಕೆ ಅಳೆಯಬಾರದು.

ಈ ಇಂಜಿನ್‌ಗೆ ಅದನ್ನ ಮೂಲದಲ್ಲಿ ಮಾಡಿದ ಅಮೆರಿಕದ ವಿಲ್ಲಿಸ್‌ನವರ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಅಂಕಿ ಇದೆ. ಬಿಸಿ ಇಂಜಿನ್, ಐಡಲ್‌ನಲ್ಲಿ ಕನಿಷ್ಠ 6 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್, ನಿಮ್ಮ ಗೇಜ್‌ನ ಅಳತೆ). ಗಂಟೆಗೆ 35 ಮೈಲಿ, ಅಂದರೆ ಸುಮಾರು 56 ಕಿ.ಮೀ. ವೇಗದಲ್ಲಿ ಕನಿಷ್ಠ 20. ನಾರ್ಮಲ್ ಅಂತ ಅವರು ಹೇಳುವುದು 2000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 2000 ಸುತ್ತು) 35. ಹೌದು, ಆರು. ತಪ್ಪಾಗಿ ಓದಿಲ್ಲ ನೀವು.

ಹಾಗಾಗಿ 8 ಮತ್ತು 25 ಅಂದರೆ ಇಂಜಿನ್ ಸತ್ತಿಲ್ಲ. ಆದರೆ 35 ಇರಬೇಕಾದ ಕಡೆ 25 ಇದೆ, ಮೊದಲು ಜಾಸ್ತಿ ಇತ್ತು ಅಂತಲೂ ಹೇಳುತ್ತಿದ್ದೀರಿ. ನನಗೆ ಆ 8ಕ್ಕಿಂತ ಈ ಇಳಿಕೆ ಮುಖ್ಯ ಅನ್ನಿಸುತ್ತದೆ. ಯಾಕೆ ಇಳಿಯಿತು ಅಂತ ನೋಡಬೇಕು, ಸುಮ್ನೆ ಇಂಜಿನ್ ಬಿಚ್ಚುವುದಲ್ಲ.

ಮೊದಲು ಇಷ್ಟು ಹೇಳಿ. ಗೇಜ್ ಎಲೆಕ್ಟ್ರಿಕ್‌ದಾ, ಪೈಪ್ ಬರುವಂಥದ್ದಾ? ಯಾವ ಆಯಿಲ್? ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಎಲ್ಲಿದೆ? ಐಡಲ್ ಎಷ್ಟು ಆರ್‌ಪಿಎಂ?

ಬಿಳಿ ಅಂಬಾಸಿಡರ್
6 ಪಿಎಸ್‌ಐ ಕೇಳಿ ಗಾಬರಿ ಆಯ್ತು. ನನ್ನ 1489 ಸಿಸಿ ಅಂಬಾಸಿಡರ್‌ನಲ್ಲಿ ಓಡುವಾಗ 50 ಇರುತ್ತದೆ. ಒಂದೇ ಕಾಲದ ಗಾಡಿಗಳಲ್ವಾ ಇವು? ಇಷ್ಟು ವ್ಯತ್ಯಾಸ ಯಾಕೆ?

ನಟ್ ಬೋಲ್ಟ್
ಯಾಕೆ ಅಂದರೆ ಪಂಪ್ ಪ್ರೆಶರ್ ಕೊಡುವುದಿಲ್ಲ. ಪಂಪ್ ಕೊಡುವುದು ಆಯಿಲ್, ಒಂದು ಸುತ್ತಿಗೆ ಇಷ್ಟು ಅಂತ. ಆ ಆಯಿಲ್ ಬೇರಿಂಗ್‌ಗಳ ಸಂದಿಯಲ್ಲಿ ನುಸುಳಿ ಹೊರಗೆ ಬರಲು ಕಷ್ಟಪಡುತ್ತದಲ್ಲ, ಆ ತಡೆಯೇ ಗೇಜ್‌ನಲ್ಲಿ ಪ್ರೆಶರ್ ಆಗಿ ಕಾಣುವುದು. ತೋಟದವರಿಗೆ ಇದು ಗೊತ್ತೇ ಇರುತ್ತದೆ. ಸ್ಪ್ರಿಂಕ್ಲರ್ ಜೆಟ್ ಸವೆದು ತೂತು ದೊಡ್ಡದಾದರೆ, ಮೋಟರ್ ಹೊಸದಿದ್ದರೂ ಲೈನ್‌ನಲ್ಲಿ ಪ್ರೆಶರ್ ನಿಲ್ಲುವುದಿಲ್ಲ.

ಆದ್ದರಿಂದ ಗೇಜ್ ಮುಳ್ಳು ಮೂರು ವಿಷಯ ಒಟ್ಟಿಗೆ ಹೇಳುತ್ತಿರುತ್ತದೆ: ಪಂಪ್ ಎಷ್ಟು ತಳ್ಳುತ್ತಿದೆ, ಆಯಿಲ್ ಎಷ್ಟು ಗಟ್ಟಿ ಇದೆ, ಸಂದಿ ಎಷ್ಟು ದೊಡ್ಡದಿದೆ. ಯಾವುದು ಬದಲಾಯಿತು ಅಂತ ಮುಳ್ಳಿಗೆ ಗೊತ್ತಿಲ್ಲ.

ಇದರಲ್ಲಿ ಸಂದಿಯ ಲೆಕ್ಕ ಬಹಳ ಕ್ರೂರ. ಬೇರಿಂಗ್ ಗ್ಯಾಪ್ ಎರಡು ಪಟ್ಟಾದರೆ ಸೋರಿಕೆ ಎರಡಲ್ಲ, ಸುಮಾರು ಎಂಟು ಪಟ್ಟು ಆಗುತ್ತದೆ. ಒಂದು ಥೌ (ಇಂಚಿನ ಸಾವಿರದಲ್ಲೊಂದು ಭಾಗ), ಎರಡು ಥೌ ಅಂತ ಮೇಸ್ತ್ರಿಗಳು ತಲೆ ಕೆಡಿಸಿಕೊಳ್ಳುವುದು ಅದಕ್ಕೇ.

ಆಯಿಲ್ ಗಟ್ಟಿತನವೂ ಹಾಗೇ. ಎಸ್‌ಎಇ 30 ಆಯಿಲ್ 40 ಡಿಗ್ರಿಯಲ್ಲಿ ಸುಮಾರು 100 ಸೆಂಟಿಸ್ಟೋಕ್ (ಗಟ್ಟಿತನದ ಅಳತೆ) ಇದ್ದರೆ, 100 ಡಿಗ್ರಿಗೆ ಬಂದಾಗ 11ರ ಹತ್ತಿರ ಇರುತ್ತದೆ. ಒಂಬತ್ತರಲ್ಲಿ ಒಂದು ಭಾಗ! ಬಿಸಿಯಾದಾಗ ಪ್ರೆಶರ್ ಬೀಳದಿದ್ದರೇ ಅನುಮಾನ ಪಡಬೇಕು.

ಅಂಬಾಸಿಡರ್ ಬಗ್ಗೆ: ಅದು ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ ಸೀರೀಸ್ ಇಂಜಿನ್. ಪಂಪ್ ಬೇರೆ, ಹೆಚ್ಚಾದ ಪ್ರೆಶರ್ ಬಿಡುವ ರಿಲೀಫ್ ವಾಲ್ವ್ ಸೆಟ್ಟಿಂಗ್ ಬೇರೆ. ಅದನ್ನ ಮಾಡಿದವರು 50ಕ್ಕೆ ಅಂತ ಮಾಡಿದ್ದಾರೆ. ವಿಲ್ಲಿಸ್‌ನವರು 35ಕ್ಕೆ ಮಾಡಿದ್ದಾರೆ. ಎರಡೂ ಸರಿ.

ಬರ್ಮಿಂಗ್‌ಹ್ಯಾಮ್ ಕನ್ನಡಿಗ
ಬಿ ಸೀರೀಸ್ ಹೆಸರು ಕೇಳಿ ಬಂದೆ. ನನ್ನ ಹತ್ತಿರ ಎಂಜಿಬಿ ಸ್ಪೋರ್ಟ್ಸ್ ಕಾರ್ ಇದೆ, ಅದೇ ಕುಟುಂಬದ 1798 ಸಿಸಿ ಇಂಜಿನ್. ಇದಕ್ಕೆ ಹ್ಯಾಂಡ್‌ಬುಕ್ ಹೇಳುವುದು ಓಡುವಾಗ 50ರಿಂದ 80, ಐಡಲ್‌ನಲ್ಲಿ 10ರಿಂದ 25. ಇಲ್ಲಿನ ಕ್ಲಬ್‌ಗಳಲ್ಲೂ ಇದೇ ಪ್ರಶ್ನೆ ಪ್ರತಿ ಬೇಸಿಗೆಯಲ್ಲಿ ಬರುತ್ತದೆ. ಟ್ರಾಫಿಕ್‌ನಲ್ಲಿ ನಿಂತಾಗ 15ಕ್ಕೆ ಬಂತು, ಏನ್ ಮಾಡಲಿ ಅಂತ. ಏನೂ ಮಾಡಬೇಡ ಅನ್ನುವುದೇ ಉತ್ತರ.

ಪದ್ಮಿನಿ ಮನೆ
ನಮ್ಮ ಪ್ರೀಮಿಯರ್ ಪದ್ಮಿನಿಗೆ ಗೇಜೇ ಇಲ್ಲ, ಕೆಂಪು ಲೈಟ್ ಅಷ್ಟೇ. ಅದಕ್ಕೇ ನಾವು ನೆಮ್ಮದಿಯಾಗಿದ್ದೇವೆ 😄

ಗ್ರೀಸ್ ಕೈ
@ಪದ್ಮಿನಿ ಮನೆ, ತಮಾಷೆ ಸರಿ, ಆದರೆ ಆ ಲೈಟ್ ಹತ್ತುವುದು ಪ್ರೆಶರ್ ತಳಕ್ಕೆ ಬಂದ ಮೇಲೆ. ಓಡುವಾಗ ಹತ್ತಿತು ಅಂದರೆ ಕೀ ಆಫ್ ಮಾಡಿ ಬದಿಗೆ ನಿಲ್ಲಿಸಿ. ಮುಂದಿನ ಪೆಟ್ರೋಲ್ ಬಂಕ್‌ವರೆಗೆ ಹೋಗೋಣ ಅಂದುಕೊಂಡವರ ಕ್ರ್ಯಾಂಕ್‌ಗಳನ್ನ ತುಂಬಾ ನೋಡಿದ್ದೇನೆ.

ತೋಟದ ಜೀಪ್
ಉತ್ತರಗಳು:
ಗೇಜ್ ಎಲೆಕ್ಟ್ರಿಕ್. ಯಾವಾಗಲೋ ಬದಲಾಯಿಸಿದ್ದು, ಒರಿಜಿನಲ್ ಅಲ್ಲ. ಬ್ಲಾಕ್‌ಗೆ ಸೆಂಡರ್ (ಪ್ರೆಶರ್ ಅಳೆದು ಗೇಜ್‌ಗೆ ಕಳಿಸುವ ಭಾಗ) ಹಾಕಿ ಒಂದು ವೈರ್ ಬಂದಿದೆ.
ಆಯಿಲ್ 20ಡಬ್ಲ್ಯು-40, ಬಂಕ್‌ನಲ್ಲಿ ಸಿಗುವುದು.
ಐಡಲ್ ಆರ್‌ಪಿಎಂ ಗೊತ್ತಿಲ್ಲ, ಮೀಟರ್ ಇಲ್ಲ. ತುಂಬಾ ನಿಧಾನವಾಗಿ, ಚೆನ್ನಾಗಿ ಓಡುತ್ತದೆ. ಅಪ್ಪನಿಗೆ ಹಾಗೇ ಇಷ್ಟ.
ಡಿಪ್‌ಸ್ಟಿಕ್ ಫುಲ್ ಗುರುತಿಗಿಂತ ಸ್ವಲ್ಪ ಮೇಲೇ ಇದೆ. ಆಯಿಲ್ ಕಮ್ಮಿ ಆಗುವುದೇ ಇಲ್ಲ ಈ ಗಾಡಿಯಲ್ಲಿ, ಅದೊಂದು ಖುಷಿ.

ಗ್ರೀಸ್ ಕೈ
ಆ ಖುಷಿಯ ಬಗ್ಗೆಯೇ ನನಗೆ ಅನುಮಾನ. ಇಷ್ಟು ಹಳೇ ಇಂಜಿನ್ ಸ್ವಲ್ಪವಾದರೂ ಆಯಿಲ್ ಕುಡಿಯಬೇಕು, ಹಿಂದಿನ ಮೇನ್ ಸೀಲ್‌ನಿಂದ ನಾಲ್ಕು ಹನಿ ನೆಲಕ್ಕೂ ಬೀಳಬೇಕು. ಮಟ್ಟ ಇಳಿಯದೆ ಏರುತ್ತಿದೆ ಅಂದರೆ ಒಳಗೆ ಇನ್ನೇನೋ ಸೇರುತ್ತಿದೆ. ನೀರು ಸೇರಿದ್ದರೆ ಆಯಿಲ್ ಮಜ್ಜಿಗೆ ಬಣ್ಣಕ್ಕೆ ತಿರುಗುತ್ತದೆ. ಪೆಟ್ರೋಲ್ ಸೇರಿದ್ದರೆ ಬಣ್ಣದಲ್ಲಿ ಗೊತ್ತಾಗುವುದಿಲ್ಲ, ವಾಸನೆಯಲ್ಲಿ ಗೊತ್ತಾಗುತ್ತದೆ.

ಇಂಜಿನ್ ಬಿಸಿ ಇದ್ದಾಗ ಡಿಪ್‌ಸ್ಟಿಕ್ ತೆಗೆದು ಮೂಸಿ ನೋಡಿ. ಬೆರಳಿನಲ್ಲಿ ಉಜ್ಜಿ. ಬೀಡಿ ಮಾತ್ರ ದೂರ ಇಡಿ.

ತೋಟದ ಜೀಪ್
ಮೂಸಿದೆ. ಪೆಟ್ರೋಲ್ ವಾಸನೆ ಖಂಡಿತ ಇದೆ. ಆಯಿಲ್ ಬೆರಳಿಗೆ ನೀರಿನ ಹಾಗೆ ತೆಳ್ಳಗಿದೆ. ಎಲ್ಲಿಂದ ಬರುತ್ತಿದೆ ಇದು?

ಗ್ರೀಸ್ ಕೈ
ಹೆಚ್ಚಿನಂಶ ಫ್ಯುಯಲ್ ಪಂಪ್. ಈ ಇಂಜಿನ್‌ನಲ್ಲಿ ಮೆಕ್ಯಾನಿಕಲ್ ಪಂಪ್ ಬ್ಲಾಕ್‌ಗೇ ಬೋಲ್ಟ್ ಆಗಿರುತ್ತದೆ, ಕ್ಯಾಮ್ ಶಾಫ್ಟ್ ಅದರ ಕೈ ತಳ್ಳುತ್ತದೆ. ಒಳಗಿನ ಡಯಾಫ್ರಮ್ ರಬ್ಬರ್ ಬಿರುಕು ಬಿಟ್ಟರೆ ಪೆಟ್ರೋಲ್ ಸೀದಾ ಚೇಂಬರ್‌ಗೆ, ಅಂದರೆ ಇಂಜಿನ್ ಕೆಳಗಿನ ಆಯಿಲ್ ತೊಟ್ಟಿಗೆ, ಇಳಿಯುತ್ತದೆ. ಈಗ ಬಂಕ್‌ಗಳಲ್ಲಿ ಬರುತ್ತಿರುವ ಇ20 ಪೆಟ್ರೋಲ್, ಅಂದರೆ 20 ಶೇಕಡಾ ಎಥನಾಲ್ ಇರುವುದು, ಹಳೇ ರಬ್ಬರ್‌ಗೆ ಆಗಿಬರುವುದಿಲ್ಲ. ಎಥನಾಲ್ ತಡೆಯುವ ಡಯಾಫ್ರಮ್ ಕಿಟ್ ಕೇಳಿ ತಗೊಳ್ಳಿ. ಬೆಂಗಳೂರಿನ ಜೆಸಿ ರಸ್ತೆಯಲ್ಲಿ ಹುಡುಕಿದರೆ ಸಿಗಬೇಕು.

ಪಂಪ್ ಚೆನ್ನಾಗಿದ್ದರೆ ಚೋಕ್ ಪೂರ್ತಿ ತೆರೆಯುತ್ತಿದೆಯಾ, ಕಾರ್ಬ್ಯುರೇಟರ್ ಫ್ಲೋಟ್ ಸೂಜಿ ಸೋರುತ್ತಿದೆಯಾ ನೋಡಿ. ತೋಟದೊಳಗೆ ಅರ್ಧ ಕಿಲೋಮೀಟರ್ ಓಡಿಸಿ ನಿಲ್ಲಿಸುವ ಗಾಡಿಗಳಲ್ಲಿ ಆಯಿಲ್ ಪೂರ್ತಿ ಬಿಸಿಯಾಗುವುದೇ ಇಲ್ಲ, ಸೇರಿದ ಪೆಟ್ರೋಲ್ ಆವಿಯಾಗಿ ಹೋಗುವುದೂ ಇಲ್ಲ.

ಇದು ಸರಿಯಾಗುವವರೆಗೆ ಗಾಡಿ ಓಡಿಸಬೇಡಿ. 8 ಪಿಎಸ್‌ಐ ನನಗೆ ಭಯ ಹುಟ್ಟಿಸಲಿಲ್ಲ, ಈ ತೆಳ್ಳಗಿನ ಆಯಿಲ್ ಹುಟ್ಟಿಸುತ್ತಿದೆ.

ಡೀಸೆಲ್ ಪ್ರೇಮಿ
ಅದೇ ಪೆಟ್ರೋಲ್ ಸೇರಿದ್ದಕ್ಕೆ 20ಡಬ್ಲ್ಯು-50 ಹಾಕಿಬಿಟ್ಟರೆ ಪ್ರೆಶರ್ ಬರುತ್ತದಲ್ವಾ? ಅಷ್ಟಕ್ಕೆ ಪಂಪ್ ಯಾಕೆ ಬಿಚ್ಚಬೇಕು.

ನಟ್ ಬೋಲ್ಟ್
ಬರುತ್ತದೆ, ಎರಡು ವಾರ. ಆಮೇಲೆ ಅದೂ ತೆಳ್ಳಗಾಗುತ್ತದೆ.

ದಪ್ಪ ಆಯಿಲ್ ಬಗ್ಗೆ ಒಂದು ಮಾತು ಹೇಳಬೇಕು, ಯಾಕಂದರೆ ಪ್ರೆಶರ್ ಅಂದ ಕೂಡಲೇ ಎಲ್ಲರೂ ಅಲ್ಲಿಗೇ ಹೋಗುತ್ತಾರೆ. ಬೇರಿಂಗ್‌ಗೆ ಬೇಕಾಗಿರುವುದು ಗೇಜ್ ಪ್ರೆಶರ್ ಅಲ್ಲ, ಆಯಿಲ್ ಸರಬರಾಜು. ಕ್ರ್ಯಾಂಕ್ ತಿರುಗುವಾಗ ತಾನೇ ಆಯಿಲನ್ನ ಎಳೆದುಕೊಂಡು ಒಂದು ತೆಳು ಪದರ ಮಾಡಿಕೊಳ್ಳುತ್ತದೆ. ಆ ಪದರದೊಳಗಿನ ಒತ್ತಡ ಸಾವಿರಗಟ್ಟಲೆ ಪಿಎಸ್‌ಐ ಇರುತ್ತದೆ. ಪಿಸ್ಟನ್ ಹೊಡೆತವನ್ನ ತಡೆಯುವುದು ಅದು. ಗೇಜ್‌ನಲ್ಲಿ ಕಾಣುವ 20, 30 ಏನಿದ್ದರೂ ಆ ಪದರಕ್ಕೆ ಆಯಿಲ್ ತಲುಪಿಸುವ ಕೂಲಿ ಕೆಲಸ ಅಷ್ಟೇ. ಐಡಲ್‌ನಲ್ಲಿ ಲೋಡ್ ಇಲ್ಲ, ಅದಕ್ಕೇ 6 ಸಾಕು.

ಅತಿ ದಪ್ಪ ಆಯಿಲ್ ಹಾಕಿದರೆ ಮುಳ್ಳು ಮೇಲೇರುತ್ತದೆ, ನಿಮಗೆ ಸಮಾಧಾನ. ಆದರೆ ಡಿಸೆಂಬರ್ ಬೆಳಿಗ್ಗೆ ಮೂಡಿಗೆರೆ ಚಳಿಯಲ್ಲಿ ಆ ಆಯಿಲ್ ಪಂಪ್‌ಗೆ ಏರುವುದೇ ನಿಧಾನ. ಗೇಜ್ 40 ತೋರಿಸುತ್ತಿರುತ್ತದೆ, ದೂರದ ಜಾಗಗಳಿಗೆ ಆಯಿಲ್ ಇನ್ನೂ ಹೋಗಿರುವುದಿಲ್ಲ.

ಅಂದಹಾಗೆ ಹೊಸ ಆಯಿಲ್‌ಗಳಲ್ಲಿ ಸವೆತ ತಡೆಯುವ ಜಿಂಕ್‌ಗೆ ಮಿತಿ ಹಾಕಿ ಕಮ್ಮಿ ಮಾಡಿದ್ದಾರೆ, ಹಳೇ ಇಂಜಿನ್‌ಗೆ ಆಗಲ್ಲ ಅಂತ ಯಾರಾದರೂ ಬಂದು ಹೇಳುವ ಮೊದಲೇ ಹೇಳಿಬಿಡುತ್ತೇನೆ. ಆ ಮಿತಿ ಇರುವುದು 5ಡಬ್ಲ್ಯು-30, 10ಡಬ್ಲ್ಯು-30 ಥರದ ತೆಳು ಗ್ರೇಡ್‌ಗಳಿಗೆ. ನಮ್ಮ 20ಡಬ್ಲ್ಯು-40, 20ಡಬ್ಲ್ಯು-50ಗೆ ಅನ್ವಯಿಸುವುದಿಲ್ಲ.

ಬಿಳಿ ಅಂಬಾಸಿಡರ್
ಹಾಗಾದರೆ ಸ್ಪ್ರಿಂಗ್ ಟೈಟ್ ಮಾಡುವ ವಿಷಯ? ನನಗೂ ಒಬ್ಬರು ಅದನ್ನೇ ಹೇಳಿದ್ದರು. ಒಂದು ವಾಷರ್ ಹಾಕಿದರೆ ಸಾಕಂತೆ.

ಗ್ರೀಸ್ ಕೈ
ಇದೊಂದು ನಮ್ಮ ಗ್ಯಾರೇಜ್‌ಗಳ ಹಳೇ ರೋಗ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ರಿಲೀಫ್ ವಾಲ್ವ್ ಅನ್ನುವುದು ಹೆಚ್ಚಾದ ಆಯಿಲನ್ನ ವಾಪಸ್ ಬಿಡುವ ಬಾಗಿಲು. ಸ್ಪ್ರಿಂಗ್ ಅದನ್ನ ಮುಚ್ಚಿ ಹಿಡಿದಿರುತ್ತದೆ. ಪ್ರೆಶರ್ ಸ್ಪ್ರಿಂಗ್ ಬಲಕ್ಕಿಂತ ಜಾಸ್ತಿಯಾದರೆ ಬಾಗಿಲು ತೆರೆಯುತ್ತದೆ. ಜೀಪ್ ಇಂಜಿನ್‌ನಲ್ಲಿ ಇದು ಬ್ಲಾಕ್ ಹೊರಗೆ ಕೂತಿರುವ ಆಯಿಲ್ ಪಂಪ್‌ನಲ್ಲೇ ಇದೆ. ಸ್ಪ್ರಿಂಗ್ ಹಿಂದೆ ಶಿಮ್ (ತೆಳು ವಾಷರ್) ಸೇರಿಸಿದರೆ ಪ್ರೆಶರ್ ಏರುತ್ತದೆ, ತೆಗೆದರೆ ಇಳಿಯುತ್ತದೆ. ಇಷ್ಟು ನಿಜ.

ಆದರೆ ಏರುವುದು ಯಾವ ಪ್ರೆಶರ್? ಗರಿಷ್ಠದ್ದು. ಬಿಸಿ ಇಂಜಿನ್ ಐಡಲ್‌ನಲ್ಲಿ 8 ಇದ್ದಾಗ ಆ ಬಾಗಿಲು ಮುಚ್ಚಿಯೇ ಇದೆ. ಮುಚ್ಚಿದ ಬಾಗಿಲಿಗೆ ಇನ್ನೊಂದು ಚಿಲಕ ಹಾಕಿದರೆ ಏನು ಉಪಯೋಗ? ಐಡಲ್ 8 ಇದ್ದದ್ದು 8 ಆಗೇ ಇರುತ್ತದೆ. ಬೆಳಿಗ್ಗೆಯ 40 ಮಾತ್ರ 55 ಆಗುತ್ತದೆ. ಪಂಪ್‌ನ ಗೇರ್‌ಗೆ ಭಾರ ಜಾಸ್ತಿ. ಆ ಗೇರ್ ತಿರುಗಿಸುವ ಕ್ಯಾಮ್ ಶಾಫ್ಟ್‌ಗೂ ಭಾರ ಜಾಸ್ತಿ.

ಇದರ ಇನ್ನೊಂದು ಮಗ್ಗುಲು ನೋಡಿ. ತಣ್ಣನೆಯ ಇಂಜಿನ್‌ನಲ್ಲಿ 40 ತೋರಿಸುತ್ತದೆ ಅಂತ ಸಮಾಧಾನ ಪಡುವ ಹಾಗಿಲ್ಲ. ಅದು ಬೇರಿಂಗ್ ಬಗ್ಗೆ ಏನೂ ಹೇಳುವುದಿಲ್ಲ. ಸ್ಪ್ರಿಂಗ್ ಎಷ್ಟಕ್ಕೆ ಬಿಡುತ್ತದೆ ಅಂತ ಹೇಳುತ್ತದೆ. ಗಾಡಿ ಕೊಳ್ಳಲು ಹೋದಾಗ ಮಾರುವವರು ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿ 'ನೋಡಿ ಸಾರ್ ಪ್ರೆಶರ್' ಅಂತಾರಲ್ಲ, ನಗು ಬರುತ್ತದೆ. ಅರ್ಧ ಗಂಟೆ ಓಡಿಸಿ ಆಮೇಲೆ ನೋಡಬೇಕು.

ವಾಲ್ವ್‌ನಲ್ಲಿ ನಿಜವಾದ ತೊಂದರೆ ಇರಬಹುದಾದ್ದು ಎರಡೇ. ಕಸ ಸಿಕ್ಕಿಕೊಂಡು ಬಾಗಿಲು ಅರ್ಧ ತೆರೆದೇ ಉಳಿಯುವುದು, ಇಲ್ಲ ಸ್ಪ್ರಿಂಗ್ ಸೋತಿರುವುದು. ಕಸ ಸಿಕ್ಕಿದರೆ ಪ್ರೆಶರ್ ಒಂದೇ ದಿನದಲ್ಲಿ ಬೀಳುತ್ತದೆ, ವರ್ಷಗಟ್ಟಲೆ ನಿಧಾನವಾಗಿ ಅಲ್ಲ.

ನಟ್ ಬೋಲ್ಟ್
ಇನ್ನೊಂದು: '1000 ಆರ್‌ಪಿಎಂಗೆ 10 ಪಿಎಸ್‌ಐ' ಅನ್ನುವ ಸೂತ್ರ ಇಂಟರ್ನೆಟ್ ತುಂಬಾ ಇದೆ. ಅದು ಅಮೆರಿಕದ ವಿ8 ರೇಸಿಂಗ್ ಜನರ ಬಾಯಿಮಾತು, ನಿಯಮ ಅಲ್ಲ. ಆದರೂ ಸುಮ್ನೆ ಜೀಪಿಗೆ ಹಾಕಿ ನೋಡಿದೆ. 600 ಆರ್‌ಪಿಎಂ ಐಡಲ್‌ಗೆ 6 ಬರುತ್ತದೆ. ಸಿಜೆ 3ಬಿ ಡಿಫರೆನ್ಷಿಯಲ್ ಗೇರ್ ಅನುಪಾತ 5.38, ಟೈರ್ 6.00-16 ಅಂತ ಲೆಕ್ಕ ಹಾಕಿದರೆ 35 ಮೈಲಿ ವೇಗದಲ್ಲಿ ಇಂಜಿನ್ ಸುಮಾರು 2200 ಆರ್‌ಪಿಎಂ. ಸೂತ್ರದಲ್ಲಿ 22, ಮ್ಯಾನ್ಯುಯಲ್‌ನಲ್ಲಿ 20. ಕಾಕತಾಳೀಯ ಇರಬಹುದು, ಆದರೆ ಮಜಾ ಇದೆ.

ಎಲ್ಲ ಹಳೇ ಇಂಜಿನ್‌ಗೂ ಇದು ಹೊಂದುವುದಿಲ್ಲ. ಫೋರ್ಡ್ ಮಾಡೆಲ್ ಟಿಯಲ್ಲಿ ಆಯಿಲ್ ಪಂಪೇ ಇರಲಿಲ್ಲ. ಫ್ಲೈವೀಲ್ ಆಯಿಲನ್ನ ಎತ್ತಿ ಎರಚುತ್ತಿತ್ತು. ಅಳೆಯೋಣ ಅಂದರೆ ಪ್ರೆಶರ್ ಎಲ್ಲಿದೆ? 1953ರವರೆಗಿನ ಷೆವರ್ಲೆ 216 ಸಿಕ್ಸ್ ಸಿಲಿಂಡರ್‌ನಲ್ಲಿ ಕನೆಕ್ಟಿಂಗ್ ರಾಡ್‌ಗಳ ತುದಿಯಲ್ಲಿ ಸಣ್ಣ ಸೌಟು ಥರ ಇರುತ್ತಿತ್ತು. ಅದು ತೊಟ್ಟಿಯಲ್ಲಿ ಮುಳುಗಿ ಆಯಿಲ್ ಎತ್ತಿಕೊಳ್ಳುತ್ತಿತ್ತು. ಆ ಇಂಜಿನ್‌ನಲ್ಲಿ ಹದಿನಾಲ್ಕೋ ಹದಿನೈದೋ ಪಿಎಸ್‌ಐ ಕಂಡರೆ ಆರೋಗ್ಯ ಚೆನ್ನಾಗಿದೆ ಅಂತ ಅರ್ಥ. ಮುಂಬೈಯಲ್ಲಿ ಜನರಲ್ ಮೋಟರ್ಸ್‌ನವರು 1928ರಿಂದ 1954ರವರೆಗೆ ಗಾಡಿ ಜೋಡಿಸುತ್ತಿದ್ದರು, ಹಾಗಾಗಿ ನಮ್ಮ ದೇಶದಲ್ಲೂ ಅಂಥ ಹಳೇ ಷೆವರ್ಲೆಗಳು ಇವೆ.

ಬರ್ಮಿಂಗ್‌ಹ್ಯಾಮ್ ಕನ್ನಡಿಗ
ಎಲೆಕ್ಟ್ರಿಕ್ ಗೇಜ್ ಅಂದರಲ್ಲ, ಅದನ್ನ ನಂಬಬೇಡಿ. ಸೆಂಡರ್ ಮತ್ತು ಗೇಜ್ ಜೋಡಿ ಒಂದಕ್ಕೊಂದು ಹೊಂದದಿದ್ದರೆ ಏನು ಬೇಕಾದರೂ ತೋರಿಸುತ್ತದೆ. ಅರ್ತ್ ಸರಿ ಇಲ್ಲದಿದ್ದರೂ ಹಾಗೇ. ಸೆಂಡರ್ ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಿ ಸುತ್ತಿ ಅರ್ತ್ ಹಾಳು ಮಾಡಿದ್ದನ್ನೂ ನೋಡಿದ್ದೇನೆ.

ಗ್ರೀಸ್ ಕೈ
ಸರಿಯಾದ ಮಾತು. ಸೆಂಡರ್ ಬಿಚ್ಚಿ ಅದೇ ತೂತಿಗೆ ಮೆಕ್ಯಾನಿಕಲ್ ಗೇಜ್ ಹಾಕಿ ನೋಡಿ. ಥ್ರೆಡ್ 1/8 ಎನ್‌ಪಿಟಿ (ಅಮೆರಿಕದ ಪೈಪ್ ಥ್ರೆಡ್ ಅಳತೆ) ಇರಬೇಕು, ಬಲವಂತವಾಗಿ ಬೇರೆ ಥ್ರೆಡ್ ತುರುಕಬೇಡಿ. ಬ್ಲಾಕ್ ಬೀಡು ಕಬ್ಬಿಣ, ಸೀಳಿದರೆ ಕಷ್ಟ.

ಖಾಯಂ ಇಡುವುದಾದರೆ ತಾಮ್ರದ ಪೈಪ್ ಹಾಕಿ, ಬ್ಲಾಕ್ ಹತ್ತಿರ ಎರಡು ಸುತ್ತು ಸುರುಳಿ ಬಿಡಿ. ಇಂಜಿನ್ ಅಲುಗಾಟಕ್ಕೆ ನೇರ ಪೈಪ್ ಬಿರುಕು ಬಿಡುತ್ತದೆ. ನೈಲಾನ್ ಪೈಪ್ ಎಕ್ಸಾಸ್ಟ್ ಹತ್ತಿರ ಹಾದುಹೋದರೆ ಕರಗಿ, ಬಿಸಿ ಆಯಿಲ್ ಅಲ್ಲೇ ಚಿಮ್ಮುತ್ತದೆ.

ಹಾಗೆಯೇ ಐಡಲ್ ಆರ್‌ಪಿಎಂ ಅಳೆಯಿರಿ. ಅಪ್ಪನಿಗೆ ಇಷ್ಟದ ಆ ನಿಧಾನ ಐಡಲ್ 450ರಲ್ಲಿದ್ದರೆ ಗೇಜ್ ಕಡಿಮೆ ತೋರಿಸುವುದು ಸಹಜ. 600ಕ್ಕೆ ತನ್ನಿ.

ತೋಟದ ಜೀಪ್
ಸ್ವಲ್ಪ ತಡವಾಯಿತು, ಕಾಫಿ ಕೊಯ್ಲು ನಡೀತಿತ್ತು.

ಫ್ಯುಯಲ್ ಪಂಪ್ ಬಿಚ್ಚಿದೆವು. ಡಯಾಫ್ರಮ್ ಅಂಚಿನಲ್ಲಿ ಉದ್ದಕ್ಕೆ ಸೀಳಿತ್ತು. ಹೊಸ ಕಿಟ್ ಹಾಕಿ, ಆಯಿಲ್ ಇಳಿಸಿ, 20ಡಬ್ಲ್ಯು-50 ಹಾಕಿದ್ದೇವೆ, ಫಿಲ್ಟರ್ ಕೂಡ. ಐಡಲ್ 480 ಇತ್ತು, 600 ಮಾಡಿದೆವು. ಅಪ್ಪ ಒಂದು ದಿನ ಮಾತಾಡಲಿಲ್ಲ.

ಮೆಕ್ಯಾನಿಕಲ್ ಗೇಜ್ ಹಾಕಿ ಕೊಟ್ಟಿಗೆಹಾರ ಹೋಗಿ ಬಂದೆವು. ಬಿಸಿಯಲ್ಲಿ ಐಡಲ್ 13, ಓಡುವಾಗ 32. ಅದೇ ಹೊತ್ತಿಗೆ ಟೀ ಜಾಯಿಂಟ್ ಹಾಕಿ ಹಳೇ ಸೆಂಡರ್ ಮತ್ತು ಎಲೆಕ್ಟ್ರಿಕ್ ಗೇಜನ್ನೂ ಇಟ್ಟಿದ್ದೆವು. ಅದು 9 ಮತ್ತು 26 ತೋರಿಸಿತು.

ಈಗ ಹೇಳಿ, ಇಂಜಿನ್ ಬಿಚ್ಚಬೇಕಾ?

ಗ್ರೀಸ್ ಕೈ
ಬೇಡ. 32 ಚೆನ್ನಾಗಿದೆ. ಓಡಿಸಿ.

ತೆಳು ಆಯಿಲ್‌ನಲ್ಲಿ ಎಷ್ಟು ದಿನ ಓಡಿತೋ ಗೊತ್ತಿಲ್ಲ, ಹಾಗಾಗಿ ಬೇರಿಂಗ್ ಸ್ವಲ್ಪ ತಿಂದಿರಬಹುದು. ಬಡಿತದ ಸದ್ದು ಇಲ್ಲದವರೆಗೆ ಚಿಂತೆ ಬೇಡ. ಈ ಹೊಸ ಆಯಿಲನ್ನ ಮಾತ್ರ ಬೇಗ ಬದಲಾಯಿಸಿ, ಐನೂರು ಕಿಲೋಮೀಟರ್‌ಗೆ. ಇಳಿಸಿದ ಆಯಿಲನ್ನ ಬಿಸಿಲಿನಲ್ಲಿ ಹಿಡಿದು ನೋಡಿ. ಹೊಳೆಯುವ ಚೂರು ಕಂಡರೆ ಆಗ ಚೇಂಬರ್ ಇಳಿಸೋಣ.

ಚೇಂಬರ್ ಇಳಿಸಿದ ದಿನ ತೇಲುವ ಸ್ಟ್ರೈನರ್ ತೊಳೆಯಿರಿ. ಈ ಇಂಜಿನ್‌ನಲ್ಲಿ ಆಯಿಲ್ ಹೀರುವ ಜಾಲರಿ ಮೇಲ್ಮೈಯಲ್ಲಿ ತೇಲುತ್ತಿರುತ್ತದೆ, ಕೆಳಗಿನ ಕೆಸರು ಬಾರದಿರಲಿ ಅಂತ. ವರ್ಷಗಟ್ಟಲೆ ಡಿಟರ್ಜೆಂಟ್ ಇಲ್ಲದ ಆಯಿಲ್‌ನಲ್ಲಿ ಓಡಿದ ಇಂಜಿನ್‌ಗೆ ಒಮ್ಮೆಲೇ ಹೊಸ ಆಯಿಲ್ ಹಾಕಿದರೆ ಕೆಸರು ಬಿಟ್ಟುಕೊಂಡು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ನಿಮ್ಮದು ಹಾಗಿಲ್ಲ, ಆದರೂ.

ತೋಟದ ಜೀಪ್
ತುಂಬಾ ಧನ್ಯವಾದ. ಒಂದು ಸಣ್ಣ ಅನುಮಾನ ಉಳಿದಿದೆ. ಫಿಲ್ಟರ್‌ನ ಪೈಪ್ ಹಳೇದು, ಬದಲಾಯಿಸೋಣ ಅಂತಿದ್ದೇನೆ. ಪೇಟೆಯಲ್ಲಿ ದಪ್ಪ ತೂತಿನ ಹೊಸ ಹೋಸ್ ಮಾಡಿಕೊಡುತ್ತಾರೆ. ಹಾಕಬಹುದಾ?

ಗ್ರೀಸ್ ಕೈ
ಒಳ್ಳೇದಾಯಿತು ಕೇಳಿದ್ದು. ಇದರ ಫಿಲ್ಟರ್ ಬೈಪಾಸ್ ಥರದ್ದು. ಇಂಜಿನ್‌ನ ಎಲ್ಲ ಆಯಿಲ್ ಅದರ ಮೂಲಕ ಹೋಗುವುದಿಲ್ಲ. ಸ್ವಲ್ಪ ಮಾತ್ರ ಹೋಗಿ, ಶುದ್ಧವಾಗಿ, ಬೇರಿಂಗ್‌ಗೆ ಹೋಗದೆ ಚೇಂಬರ್‌ಗೆ ವಾಪಸ್ ಬೀಳುತ್ತದೆ. ಆ 'ಸ್ವಲ್ಪ'ವನ್ನ ಹಿಡಿದಿಡುವುದು ಲೈನ್‌ನಲ್ಲಿರುವ ಸಣ್ಣ ತೂತಿನ ರಿಸ್ಟ್ರಿಕ್ಟರ್. ಅದನ್ನ ಎಸೆದು ದಪ್ಪ ಪೈಪ್ ಹಾಕಿದರೆ ಆಯಿಲೆಲ್ಲ ಫಿಲ್ಟರ್ ಕಡೆ ಓಡಿ, ಬಿಸಿ ಐಡಲ್ ಪ್ರೆಶರ್ ಮತ್ತೆ ಕೆಳಗೆ ಬರುತ್ತದೆ. ಹೋಸ್ ಹೊಸದು ಹಾಕಿ, ಫಿಟ್ಟಿಂಗ್ ಹಳೇದೇ ಇರಲಿ. ತೂತು ಕಟ್ಟಿದ್ದರೆ ತಂತಿಯಿಂದ ಮೆಲ್ಲಗೆ ಬಿಡಿಸಿ, ಡ್ರಿಲ್ ಬೇಡ.

ಮತ್ತೆ, ಯಾರಾದರೂ ಆಯಿಲ್ ಪಂಪ್ ಬಿಚ್ಚೋಣ ಅಂದರೆ ಮೊದಲು ಡಿಸ್ಟ್ರಿಬ್ಯೂಟರ್ ರೋಟರ್ ಎಲ್ಲಿದೆ ಅಂತ ಗುರುತು ಹಾಕಿಸಿ. ಈ ಇಂಜಿನ್‌ನಲ್ಲಿ ಡಿಸ್ಟ್ರಿಬ್ಯೂಟರ್ ತಿರುಗುವುದು ಆಯಿಲ್ ಪಂಪ್ ಶಾಫ್ಟ್‌ನಿಂದಲೇ. ಒಂದು ಹಲ್ಲು ತಪ್ಪಿ ಕೂರಿಸಿದರೆ ಟೈಮಿಂಗ್ ಹೋಗುತ್ತದೆ. ವಾಪಸ್ ಹಾಕುವಾಗ ಪಂಪ್ ಒಳಗೆ ಆಯಿಲ್ ತುಂಬಿಸಿಯೇ ಕೂರಿಸಬೇಕು. ಒಣ ಪಂಪ್ ಆಯಿಲ್ ಎಳೆಯುವುದಿಲ್ಲ.

ಬಿಳಿ ಅಂಬಾಸಿಡರ್
ಇದನ್ನೆಲ್ಲ ಓದಿ ನಾನೂ ಡಿಪ್‌ಸ್ಟಿಕ್ ಮೂಸಿ ಬಂದೆ. ಪೆಟ್ರೋಲ್ ವಾಸನೆ ಇಲ್ಲ. ಬಿಸಿ ಐಡಲ್‌ನಲ್ಲಿ 18 ಇದೆ, ಓಡುವಾಗ 50. ಬೋನೆಟ್ ಮುಚ್ಚಿಬಿಡಲಾ?

ನಟ್ ಬೋಲ್ಟ್
ಮುಚ್ಚಿ. ಆದರೆ ಈ ಎರಡು ಅಂಕಿ, ಯಾವ ಆಯಿಲ್, ಎಷ್ಟು ಕಿಲೋಮೀಟರ್ ಓಡಿತ್ತು ಅಂತ ಗಾಡಿಯ ಡೈರಿಯಲ್ಲಿ ಬರೆದಿಡಿ. ಮುಂದಿನ ವರ್ಷ ಇದೇ ಬೇಸಿಗೆಯಲ್ಲಿ ಇದೇ ರಸ್ತೆಯಲ್ಲಿ ನೋಡಿ, 18 ಇದ್ದದ್ದು 17 ಆದರೆ ಏನಿಲ್ಲ, 10 ಆದರೆ ಇಲ್ಲಿಗೆ ಬನ್ನಿ.